ಟವೆಲ್ ಹಾಕಿದ ಸೀಟು

ಚಿಕ್ಕಮ್ಮನ ಮನೆಯ ಹಾರ್ಲಿಕ್ಸ್ ಡಬ್ಬಿಯಲ್ಲಿ ಟಾಮಾಕ್ಸಿಫೆನ್ ಮಾತ್ರೆಯ ಆರು ಸ್ಟ್ರಿಪ್ ಹಾಗೇ ಕೂತಿದ್ದವು. ಎರಡು ತಿಂಗಳಿಂದ ಒಂದನ್ನೂ ನುಂಗಿಲ್ಲ. ಕೇಳಿದರೆ, "ಕೊಯ್ದು ತೆಗೆದಾಯ್ತು, ಕರೆಂಟೂ ಕೊಟ್ಟಾಯ್ತು. ಇನ್ನೂ ಯಾಕೋ ಕ್ಯಾನ್ಸರ್ ಮಾತ್ರೆ? ಮೈಯೆಲ್ಲ ಬೆಂಕಿ ಹತ್ತಿದಂಗಾಗತ್ತೆ, ರಾತ್ರಿ ಎರಡು ಸಲ ರವಿಕೆ ಬದಲಾಯಿಸ್ತೀನಿ" ಅಂದರು.

ಅವರಿಗೆ ಇದ್ದದ್ದು ಹಾಲಿನ ನಾಳದ ಗೋಡೆ ದಾಟದ, ಸೊನ್ನೆ ಹಂತ ಅಂತಾರಲ್ಲ, ಆ ಬಗೆಯ ಸ್ತನ ಕ್ಯಾನ್ಸರ್. ಡಾಕ್ಟರ್ ಹೇಳಿದ್ದು ಒಂದೇ ಸಾಲು: ಐದು ವರ್ಷ ದಿನಕ್ಕೊಂದು ತಗೊಳ್ಳಿ. ಯಾಕೆ ಅಂತ ಇಲ್ಲ. ಆಸ್ಪತ್ರೆ ಹೆಸರು ಬೇಡ ಬಿಡಿ. ಆದರೆ ಕಾರಣ ಹೇಳದೆ ಒಬ್ಬ ಹೆಂಗಸಿಗೆ ಐದು ವರ್ಷ ಬೆವರು ಅನುಭವಿಸು ಅನ್ನೋದು ದೊಡ್ಡ ತಪ್ಪು ಅಂತ ನನ್ನ ವಾದ.

ಹಾಗಾಗಿ ನಾನೇ ಶುರು ಮಾಡಿದೆ. "ಚಿಕ್ಕಮ್ಮ, ಜಾತ್ರೆ ದಿನ ಬಸ್ಸಿಗೆ ಕಿಟಕಿಯಿಂದ ಟವೆಲ್ ಹಾಕ್ತಿದ್ರಲ್ಲ, ಹಾಗೆ ಇದು." ಸ್ತನದ ಜೀವಕೋಶದೊಳಗೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನಿಗೆ ಅಂತಲೇ ಒಂದು ಸೀಟಿದೆ, ಗ್ರಾಹಕ (ರಿಸೆಪ್ಟರ್) ಅಂತಾರೆ. ಹಾರ್ಮೋನು ಬಂದು ಕೂತರೆ ಸಹಾಯಕ ಪ್ರೋಟೀನುಗಳು ಬಂದು ಸೇರುತ್ತವೆ, ವಂಶವಾಹಿಗಳು ಚಾಲೂ ಆಗುತ್ತವೆ, ಕೋಶ ಒಡೆದು ಎರಡಾಗುತ್ತದೆ. ಪ್ರತಿ ಸಲ ಒಡೆಯುವಾಗಲೂ ಕೋಟಿಗಟ್ಟಲೆ ಡಿಎನ್‌ಎ ಅಕ್ಷರ ನಕಲಾಗಬೇಕು, ಅದರಲ್ಲಿ ತಪ್ಪು ನುಸುಳುತ್ತದೆ. ಸರಿಯಿಲ್ಲದ ಕೋಶ ಈಗಾಗಲೇ ಒಂದೆರಡು ಇದ್ದರಂತೂ ಅವಕ್ಕೆ ಈ ಹಾರ್ಮೋನು ಗೊಬ್ಬರ ಇದ್ದ ಹಾಗೆ. ಟಾಮಾಕ್ಸಿಫೆನ್ ನಮ್ಮ ಲಿವರಿನಲ್ಲಿ ಎಂಡಾಕ್ಸಿಫೆನ್ ಎಂಬ ರೂಪಕ್ಕೆ ಬದಲಾಗಿ, ಹೋಗಿ ಆ ಸೀಟಲ್ಲಿ ಕೂರುತ್ತದೆ. ಸುಮ್ಮನೆ ಕೂರಲ್ಲ, ಕಾಲು ಅಡ್ಡ ಚಾಚಿ ಕೂರುತ್ತದೆ. ಅದರ ಉದ್ದ ಬಾಲದಿಂದಾಗಿ ಗ್ರಾಹಕದ ಒಂದು ತುಣುಕು ಮಗುಚಿ, ಸಹಾಯಕರು ಬಂದು ಸೇರುವ ಜಾಗವೇ ಮುಚ್ಚಿಹೋಗುತ್ತದೆ. ಕಂಡಕ್ಟರ್ ಒಳಗೆ ಬರೋಕಾಗಲ್ಲ, ಸೀಟಿ ಊದಲ್ಲ, ಬಸ್ಸು ಹೊರಡಲ್ಲ.

ಚಿಕ್ಕಮ್ಮ ನಕ್ಕರು. "ಹಂಗಾದ್ರೆ ಇದು ಕೋಶ ಸಾಯಿಸೋ ಔಷಧಿ ಅಲ್ವೇನೋ?" ಕೂದಲು ಉದುರಿಸುವ ಕೀಮೋ ಮತ್ತು ಇದು ಎರಡೂ ಒಂದೇ ಅಂದುಕೊಂಡು ಅಷ್ಟು ದಿನ ಹೆದರಿದ್ದರು!

ಇದರ ಹುಟ್ಟಿನ ಕತೆಯಂತೂ ತಮಾಷೆ. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಲ್ಯಾಬಿನಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದಾಗ ಬೇಕಿದ್ದದ್ದು ಗರ್ಭನಿರೋಧಕ. ಇಲಿಗಳಲ್ಲಿ ಕೆಲಸ ಮಾಡಿತು. ಹೆಂಗಸರಲ್ಲಿ ಉಲ್ಟಾ, ಅಂಡಾಣು ಬಿಡುಗಡೆಯಾಗೋಕೆ ಶುರುವಾಯಿತು. ಮೂಲೆಗೆ ಸೇರಬೇಕಿದ್ದ ಔಷಧಿ ಕ್ಯಾನ್ಸರಿನ ಕಡೆ ತಿರುಗಿತು. ಆಮೇಲೆ ಕ್ರೇಗ್ ಜೋರ್ಡಾನ್ ಎಂಬ ವಿಜ್ಞಾನಿ, ಕ್ಯಾನ್ಸರ್ ತರಿಸುವ ರಾಸಾಯನಿಕ ಕೊಟ್ಟ ಇಲಿಗಳಲ್ಲೂ ಇದು ಗಡ್ಡೆ ಬಾರದಂತೆ ತಡೆಯುತ್ತದೆ ಅಂತ 1970ರ ದಶಕದಲ್ಲಿ ತೋರಿಸಿದರು. ಮನುಷ್ಯರಲ್ಲಿ ಪುರಾವೆ ಸಿಕ್ಕಿದ್ದು 1998ರಲ್ಲಿ. ಅಮೆರಿಕ, ಕೆನಡಾಗಳಲ್ಲಿ ಅಪಾಯ ಹೆಚ್ಚಿದ್ದ 13,388 ಹೆಂಗಸರ ಮೇಲೆ ಪರೀಕ್ಷೆ ನಡೆದಿತ್ತು. ಔಷಧಿಯೇ ಇಲ್ಲದ ಖಾಲಿ ಮಾತ್ರೆ ನುಂಗಿದವರಲ್ಲಿ 175 ಜನಕ್ಕೆ ಹರಡಬಲ್ಲ ಸ್ತನ ಕ್ಯಾನ್ಸರ್ ಬಂತು, ಟಾಮಾಕ್ಸಿಫೆನ್ ನುಂಗಿದವರಲ್ಲಿ 89. ಈಸ್ಟ್ರೋಜನ್ ಸೀಟೇ ಇಲ್ಲದ ಬಗೆಯ ಕ್ಯಾನ್ಸರ್ ಮಾತ್ರ ಕಡಿಮೆಯಾಗಲಿಲ್ಲ. ಸೀಟಿಲ್ಲದ ಕಡೆ ಟವೆಲ್ ಎಲ್ಲಿ ಹಾಕೋದು?

ವಾಟ್ಸಾಪಿನಲ್ಲಿ ಲಕ್ಷ್ಮಣ ಫಲ, ಅರಿಶಿನ ಅಂತ ದಿನಾ ಫಾರ್ವರ್ಡ್ ಮಾಡುವವರು ಇಂಥ ಒಂದು ಲೆಕ್ಕ ತೋರಿಸಲಿ, ನಾನೂ ಫಾರ್ವರ್ಡ್ ಮಾಡ್ತೀನಿ.

ಹಾಗಂತ ಇದು ಪಂಚಾಮೃತವಲ್ಲ. ಗರ್ಭಕೋಶದಲ್ಲಿ ಇದೇ ಮಾತ್ರೆ ಈಸ್ಟ್ರೋಜನ್ ಥರವೇ ವರ್ತಿಸುತ್ತದೆ, ಅಲ್ಲಿ ಕ್ಯಾನ್ಸರಿನ ಅಪಾಯ ಏರುತ್ತದೆ. ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕಾಲು ಊದಿಕೊಂಡರೆ ಅವತ್ತೇ ಡಾಕ್ಟರ ಹತ್ತಿರ ಓಡಬೇಕು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಲಿವರು ಇದನ್ನು ಎಂಡಾಕ್ಸಿಫೆನ್ ಮಾಡುವ ಕೆಲಸಕ್ಕೆ ಅಡ್ಡ ಬರುತ್ತವೆ, ಅದನ್ನೂ ಹೇಳಿಕೊಳ್ಳಬೇಕು. ಮೆಡಿಕಲ್ ಶಾಪಿನಿಂದ ತಾನಾಗೇ ತಂದು ನುಂಗುವ ಮಾತ್ರೆಯಂತೂ ಖಂಡಿತ ಅಲ್ಲ.

ಬೆವರಿನ ಮಾತು ಉಳಿಯಿತು. ಇಟಲಿಯವರು 500 ಹೆಂಗಸರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದಿನಕ್ಕೆ 20ರ ಬದಲು ಬರೀ 5 ಮಿಲಿಗ್ರಾಂ, ಅದೂ ಮೂರೇ ವರ್ಷ ಕೊಟ್ಟಾಗ, ಚಿಕ್ಕಮ್ಮನಂಥವರಲ್ಲಿ ಕಾಯಿಲೆ ಮರಳುವುದು ಅರ್ಧಕ್ಕಿಳಿದಿತ್ತು. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

ಮುಂದಿನ ಸಲ ಚಿಕ್ಕಮ್ಮ ಆ ಚೀಟಿ ಬ್ಯಾಗಿನಿಂದ ತೆಗೆಯಲೇ ಇಲ್ಲ. "ಡಾಕ್ಟ್ರೇ, ಸೀಟು ಹಿಡಿಯೋಕೆ ಚಿಕ್ಕ ಟವೆಲ್ ಸಾಕಾಗಲ್ವಾ? ಐದು ಮಿಲಿಗ್ರಾಂದು?" ಅಂತ ನೇರ ಕೇಳಿಬಿಟ್ಟರು. ಡಾಕ್ಟರ್ ಮೊದಲ ಸಲ ಫೈಲಿನಿಂದ ತಲೆ ಎತ್ತಿದರು. ಪೆನ್ನು ಕೆಳಗಿಟ್ಟು ಹತ್ತು ನಿಮಿಷ ಮಾತಾಡಿದರು. ಈಗ ದಿನಕ್ಕೆ ಐದರ ಲೆಕ್ಕದಲ್ಲಿ, ದಿನ ಬಿಟ್ಟು ದಿನ 10 ಮಿಲಿಗ್ರಾಂ. ಹಾರ್ಲಿಕ್ಸ್ ಡಬ್ಬಿಯ ಪಕ್ಕದ ಕ್ಯಾಲೆಂಡರಿನಲ್ಲಿ ಒಂದು ದಿನ ಬಿಟ್ಟು ಒಂದು ದಿನ ಪೆನ್ಸಿಲ್ ಗೀಟು ಬೀಳುತ್ತಿದೆ.