ಮೆಣಸಿನ ಸಾರು, ಕಾಲು ಗಂಟೆ ನಡಿಗೆ

ನಿನ್ನೆ ಸಂಜೆ ಮಳೆ ಬಿಟ್ಟ ಮೇಲೆ ತೋಟದ ರಸ್ತೆಯಲ್ಲಿ ಸುಮ್ನೆ ಒಂದು ಸುತ್ತು ಹೋಗಿ ಬಂದೆ. ನಮ್ಮ ಮೂಡಿಗೆರೆ ಕಡೆ ಬೇಸಿಗೆ ಮುಗಿಯುವುದೇ ಹೀಗೆ. ಮಧ್ಯಾಹ್ನದ ತನಕ ಸೆಕೆ, ನಾಲ್ಕು ಗಂಟೆಗೆ ಗುಡುಗು, ಆಮೇಲೆ ಮಣ್ಣಿನ ವಾಸನೆ. ರೋಹಿಣಿ ಮಳೆ ಇನ್ನೇನು ಹಿಡಿಯುತ್ತದೆ. ಹಿಡಿದರೆ ಜಿಗಣೆ ಕಾಟ. ನಡೆಯುವುದಿದ್ದರೆ ಈಗಲೇ.

ಕೈ ಬೀಸಿಕೊಂಡು ಬಿರಬಿರನೆ ನಡೆಯುವ ಪೈಕಿ ನಾನಲ್ಲ. ನಿಂತು ನಿಂತು ಹೋಗುತ್ತೇನೆ. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ ಚಿಗುರಿದೆ. ಇನ್ನು ಹೂಗೊಂಚಲು ಇಳಿಯಬೇಕು. ಅದರ ಪರಾಗ ಹರಡುವುದಕ್ಕೂ ಮಳೆಹನಿ ಬೇಕು. ಹಳ್ಳದ ಪಕ್ಕ ಏಲಕ್ಕಿ ಹೂ ಬಿಟ್ಟಿದೆ. ಬಿಳಿ ಹೂವು, ನಡುವೆ ನೇರಳೆ ಗೆರೆ. ಪೇಟೆ ನೆಂಟರು ಅದನ್ನು ಮೇಲೆ ಎಲೆಗಳ ನಡುವೆ ಹುಡುಕುತ್ತಾರೆ. ಹೂ ಇರುವುದು ಬುಡದಲ್ಲಿ, ನೆಲದ ಹತ್ತಿರ. ಬಗ್ಗಿ ನೋಡಬೇಕು.

ಇಷ್ಟೆಲ್ಲ ಹಿತ್ತಲಲ್ಲೇ ಇದ್ದೂ, ಹೋದ ವರ್ಷ ವಾಟ್ಸಾಪ್ ಸಲಹೆ ನಂಬಿ ಕೆಟ್ಟೆ. ಶುಂಠಿ, ಮೆಣಸು, ಚಕ್ಕೆ, ಅರಿಶಿನ ಕುದಿಸಿ ಖಾಲಿ ಹೊಟ್ಟೆಗೆ ದೊಡ್ಡ ಲೋಟ. ಒಂಬತ್ತನೇ ದಿನಕ್ಕೆ ಎದೆಯುರಿ ಬಂದು ರಾತ್ರಿಯೆಲ್ಲ ಕೂತೇ ಕಳೆದೆ. "ಸಾರಿಗೆ ಹಾಕೋದನ್ನ ಲೋಟಕ್ಕೆ ಹಾಕಿದ್ರೆ ಇನ್ನೇನಾಗುತ್ತೆ" ಎಂದರು ಅಮ್ಮ.

ಮಸಾಲೆಗಳಲ್ಲಿ ಗುಣವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅನ್ನುವ ಅಂಶ ಮೈಗೆ ಹಿಡಿಯುವುದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಖಾರದ ಅಂಶ, ಕೊಟ್ಟು ನೋಡಿದರು. ರಕ್ತಕ್ಕೆ ಸೇರುವುದು ಶೇಕಡಾ 2000ರಷ್ಟು ಹೆಚ್ಚಿತು. ಕರ್ಕ್ಯುಮಿನ್ ಮಾತ್ರೆ ಮಾರುವವರು ಇದೊಂದನ್ನೇ ಹಿಡಿದು ಕುಣಿಯುತ್ತಾರೆ. ಆದರೆ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. 2 ಗ್ರಾಂ ಬೇಕೆಂದರೆ 60 ಗ್ರಾಂಗೂ ಜಾಸ್ತಿ ಅರಿಶಿನ ತಿನ್ನಬೇಕು. ಯಾವ ಸಾರಿಗೆ ಅಷ್ಟು ಹಾಕ್ತೀರಿ? ಅದೂ ಅಲ್ಲದೆ ಪೈಪರಿನ್ ಬೇರೆ ಕೆಲವು ಔಷಧಿಗಳನ್ನೂ ರಕ್ತಕ್ಕೆ ಜಾಸ್ತಿ ಸೇರಿಸುತ್ತದೆ. ದಿನಾ ಮಾತ್ರೆ ನುಂಗುವವರು, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ಇರುವವರು, ಡಾಕ್ಟರನ್ನು ಕೇಳದೆ ಇಂಥ ಡಬ್ಬಿ ತೆರೆಯಬಾರದು.

ನನಗೆ ಮೆಣಸಿನ ಬೆಲೆ ಗೊತ್ತಾಗಿದ್ದು ಬಿಪಿ ಬಂದ ಮೇಲೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದರು ಡಾಕ್ಟರ್. ಮೊದಲ ವಾರ ಊಟ ಅನ್ನುವುದು ಶಿಕ್ಷೆ. ಆಮೇಲೆ ಅಮ್ಮ ಮೆಣಸು, ಜೀರಿಗೆ ಹುರಿದು ಕುಟ್ಟಿ ಸಾರು ಮಾಡಿದರು. ಉಪ್ಪು ಕಮ್ಮಿಯಾಗಿದೆ ಅಂತ ನಾಲಿಗೆಗೆ ಗೊತ್ತೇ ಆಗಲಿಲ್ಲ. ನನ್ನ ಲೆಕ್ಕದಲ್ಲಿ ಮಸಾಲೆಯ ದೊಡ್ಡ ಉಪಕಾರ ಇದೇ. ಊಟವಾದ ಮೇಲೆ ಅಂಗಳದಲ್ಲೇ ಕಾಲು ಗಂಟೆ ಮೆಲ್ಲಗೆ ಓಡಾಡಿದರೆ ಸಕ್ಕರೆ ಏರುವುದೂ ಕಡಿಮೆ. ಇದಕ್ಕೆ ದುಡ್ಡೂ ಬೇಡ.

ನಿನ್ನೆ ಮನೆಗೆ ಬಂದು ನೋಡಿದರೆ ಹಿಮ್ಮಡಿಯಲ್ಲಿ ರಕ್ತ. ಏಲಕ್ಕಿ ಹೂ ನೋಡಲು ಬಗ್ಗಿದಾಗ ಜಿಗಣೆ ಹತ್ತಿರಬೇಕು, ಆಗಲೇ ಬಂದಿವೆ. ಅಮ್ಮ ಒಳಗಿಂದ ಹಿಡಿ ತುಂಬ ಉಪ್ಪು ತಂದರು. ಇಷ್ಟೊಂದು ಯಾಕೆ ಎಂದೆ. "ಕಮ್ಮಿ ಮಾಡು ಅಂದಿದ್ದು ನಿಂಗೆ, ಜಿಗಣೆಗಲ್ಲ" ಎಂದರು.