ಜಾನ್ ಯಾಕೆ ಒಲ್ಲೆ ಅಂದ?

ಮಧ್ಯಮ ಹಂತದ ಇಂಗ್ಲಿಷ್ ಪದಪಟ್ಟಿ ಯಾವುದನ್ನಾದರೂ ಬಿಡಿಸಿ ನೋಡಿ. ‘ಆರ್’ ಅಕ್ಷರಕ್ಕೆ ಬರುವ ಹೊತ್ತಿಗೆ ‘ರಿಲಕ್ಟಂಟ್’ ಎದುರಾಗುತ್ತದೆ. ಮುಂದೆ ಅರ್ಥ: ಇಷ್ಟವಿಲ್ಲದ, ಮನಸ್ಸಿಲ್ಲದ. ಕೆಳಗೆ ಓರೆ ಅಕ್ಷರದಲ್ಲಿ ಉದಾಹರಣೆ: ‘ಜಾನ್ ವಾಸ್ ರಿಲಕ್ಟಂಟ್.’ ಮುಗಿಯಿತು. ಜಾನ್‌ಗೆ ಮನಸ್ಸಿರಲಿಲ್ಲ. ಯಾವುದಕ್ಕೆ? ಮನೆ ಮಾರುವುದಕ್ಕೋ, ಮದುವೆಯಾಗುವುದಕ್ಕೋ, ಬೆಳಿಗ್ಗೆ ಏಳುವುದಕ್ಕೋ? ಪಟ್ಟಿ ಬರೆದವರು ಬಾಯಿ ಬಿಡುವುದಿಲ್ಲ. ರಿಲಕ್ಟಂಟ್ ಇದ್ದ ಜಾಗದಲ್ಲಿ ‘ಹ್ಯಾಪಿ’ ಇಡಿ, ‘ಟಾಲ್’ ಇಡಿ, ‘ಡೆಡ್’ ಇಡಿ. ವಾಕ್ಯಕ್ಕೆ ಏನೂ ಆಗುವುದಿಲ್ಲ, ಆಗುವುದೇನಿದ್ದರೂ ಜಾನ್‌ಗೆ.

ಉದಾಹರಣೆ ವಾಕ್ಯ ಗಟ್ಟಿಯೋ ಜೊಳ್ಳೋ ನೋಡುವುದಕ್ಕೆ ಹೆಬ್ಬೆರಳೊಂದು ಸಾಕು. ಕಲಿಯಬೇಕಾದ ಪದವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಬೇಕು. ಅಲ್ಲಿ ಏನಿರಬಹುದೆಂದು ಸುಮಾರಾಗಿಯಾದರೂ ಹೊಳೆದರೆ ವಾಕ್ಯ ಕೆಲಸ ಮಾಡುತ್ತಿದೆ ಎಂದು ಲೆಕ್ಕ. ‘ಶೀ ವಾಸ್ ರಿಲಕ್ಟಂಟ್ ಟು ಸೆಲ್ ದ ಹೌಸ್ ಹರ್ ಫಾದರ್ ಬಿಲ್ಟ್, ಬಟ್ ಶೀ ನೀಡೆಡ್ ದ ಮನಿ.’ ಅಪ್ಪ ಕಟ್ಟಿದ ಮನೆ, ಮಾರದೆ ವಿಧಿಯಿಲ್ಲ. ಪದ ಮುಚ್ಚಿದರೂ ಅವಳ ಮುಖ ಕಾಣುತ್ತದೆ. ಜೊತೆಗೆ ಎರಡು ವಿಷಯ ಪುಕ್ಕಟೆ ಸಿಗುತ್ತವೆ. ಒಂದು, ರಿಲಕ್ಟಂಟ್ ಆದ ಮೇಲೆ ‘ಟು’ ಬಂದು ಕ್ರಿಯಾಪದ ಬರುವುದು ರೂಢಿ. ಇನ್ನೊಂದು, ರಿಲಕ್ಟಂಟ್ ಆದವರು ಸಾಮಾನ್ಯವಾಗಿ ಗೊಣಗಿಕೊಂಡೇ ಆ ಕೆಲಸ ಮಾಡಿಬಿಡುತ್ತಾರೆ. ಖಡಾಖಂಡಿತವಾಗಿ ಒಲ್ಲೆ ಎನ್ನುವವರಿಗೆ ಬೇರೆ ಪದಗಳಿವೆ. ಕನ್ನಡದಲ್ಲಿ ಇದಕ್ಕೆ ಅಳತೆ ಕೊಟ್ಟು ಹೊಲಿಸಿದಂಥ ಮಾತಿದೆ, ‘ಒಲ್ಲದ ಮನಸ್ಸಿನಿಂದ’. ಪಟ್ಟಿಗಳು ಅದನ್ನು ಬಿಟ್ಟು ‘ಇಷ್ಟವಿಲ್ಲದ’ ಎಂದು ಯಾಕೆ ಬರೆಯುತ್ತವೆಯೋ.

ಇಂಥ ಪದ ಎಷ್ಟು ಕಲಿತರೆ ಸಾಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಅದಕ್ಕೆ ಬರೋಣ. ಮೊದಲು ಈ ಜಾನ್‌ನ ವಿಚಾರ ಇತ್ಯರ್ಥವಾಗಲಿ.

ಪಟ್ಟಿಯನ್ನು ‘ಎ’ ಇಂದ ಓದುತ್ತ ಬಂದವರಿಗೆ ಜಾನ್ ಎಂಥ ಬಾಳು ಬಾಳಿದ್ದಾನೆಂದು ಗೊತ್ತು. ‘ಅಬ್ಯಾಂಡನ್’ನಲ್ಲಿ ಕಾರನ್ನು ರಸ್ತೆಯಲ್ಲೇ ಬಿಟ್ಟುಹೋದ. ‘ಅಕ್ಯೂಸ್’ನಲ್ಲಿ ಕಳ್ಳತನದ ಆರೋಪ ಹೊತ್ತ. ‘ಬ್ಯಾಂಕ್ರಪ್ಟ್’ನಲ್ಲಿ ದಿವಾಳಿಯಾದ. ‘ಕನ್‌ಫೆಸ್’ನಲ್ಲಿ ತಪ್ಪೊಪ್ಪಿಕೊಂಡ, ‘ಡಿನೈ’ಗೆ ಬರುವಷ್ಟರಲ್ಲಿ ಅದನ್ನೇ ಅಲ್ಲಗಳೆದ. ‘ಎಸ್ಕೇಪ್’ನಲ್ಲಿ ಎಲ್ಲಿಂದಲೋ ಪಾರಾದ, ಎಲ್ಲಿಂದ ಎಂದು ಕೇಳಬೇಡಿ, ಹಿಂದಿನ ಪುಟ ನೋಡಿ. ‘ಇನ್‌ಹೆರಿಟ್’ನಲ್ಲಿ ಅವನಿಗೆ ಚಿಕ್ಕಪ್ಪನ ಆಸ್ತಿ ಬಂತು. ಆ ಚಿಕ್ಕಪ್ಪನ ಹೆಸರು ಮೊದಲೂ ಬಂದಿಲ್ಲ, ಆಮೇಲೂ ಬರುವುದಿಲ್ಲ. ‘ಜೆಲಸ್’ನಲ್ಲಿ ಮೇರಿಯ ಮೇಲೆ ಹೊಟ್ಟೆಕಿಚ್ಚು. ‘ಪಂಕ್ಚುಯಲ್’ನಲ್ಲಿ, ಇಷ್ಟೆಲ್ಲ ರಾದ್ಧಾಂತದ ನಡುವೆಯೂ, ಆಫೀಸಿಗೆ ಒಂದು ದಿನ ತಡವಾಗಿ ಹೋದವನಲ್ಲ. ಇಂಥ ಮನುಷ್ಯ ಆರ್ ಹೊತ್ತಿಗೆ ರಿಲಕ್ಟಂಟ್ ಆಗದೆ ಇನ್ನೇನಾದಾನು? ಅವನಿಗೆ ಅಡ್ಡಹೆಸರಿಲ್ಲ, ಊರಿಲ್ಲ, ಒಂದು ಕೆಮ್ಮಿಲ್ಲ. ಮಾತಾಡಿದರೆ ಒಂದೇ ವಾಕ್ಯ, ಅದರಲ್ಲೂ ಕರ್ತೃ, ಕ್ರಿಯೆ, ಪೂರ್ಣವಿರಾಮ. ಮೇರಿಯ ಸ್ಥಿತಿ ಇನ್ನೂ ಕಷ್ಟ. ‘ಬ್ಯೂಟಿಫುಲ್’ ಬಂದಾಗ ಕರೆಸುತ್ತಾರೆ, ‘ವೀಪ್’ ಬಂದಾಗ ಅಳಿಸುತ್ತಾರೆ, ನಡುವೆ ಅವಳಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ.

ನಿಘಂಟಿನ ಚರಿತ್ರೆಯಲ್ಲಿ ನಿಜವಾದ ಜಾನ್ ಒಬ್ಬರಿದ್ದಾರೆ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್. ಅವರ ಮೇಲ್ವಿಚಾರಣೆಯಲ್ಲಿ 1987ರಲ್ಲಿ ಬಂದ ಕೊಬಿಲ್ಡ್ ನಿಘಂಟು, ಉದಾಹರಣೆಗಳನ್ನು ಮೇಜಿನ ಮುಂದೆ ಕೂತು ಹೊಸೆಯುವುದನ್ನು ಬಿಟ್ಟು, ಜನ ನಿಜವಾಗಿ ಬರೆದ, ಆಡಿದ ಮಾತುಗಳನ್ನು ಕಂಪ್ಯೂಟರಿಗೆ ತುಂಬಿ ಅದರಿಂದ ಹೆಕ್ಕಿತು. ಅರ್ಥವನ್ನೂ ಪೂರ್ತಿ ವಾಕ್ಯದಲ್ಲೇ ಹೇಳಿತು: ನೀವು ಏನನ್ನಾದರೂ ಮಾಡಲು ರಿಲಕ್ಟಂಟ್ ಆಗಿದ್ದೀರಿ ಎಂದರೆ ನಿಮಗೆ ಅದು ಇಷ್ಟವಿಲ್ಲ, ಮಾಡುವ ಮುಂಚೆ ಹಿಂದೆಮುಂದೆ ನೋಡುತ್ತೀರಿ, ಈ ಧಾಟಿಯಲ್ಲಿ. ಪದವನ್ನು ಹೇಗೆ ಹಿಡಿಯಬೇಕು ಎಂಬುದು ಅರ್ಥದೊಳಗೇ ಬಂದುಬಿಡುತ್ತದೆ.

ಇದಕ್ಕೆ ಮುಂಚೆ ಅರ್ಥ ಹೇಳುವವರು ಕಲಿಯುವವರನ್ನು ಸತಾಯಿಸಿದ್ದು ಕಡಿಮೆಯಲ್ಲ. ಸ್ಯಾಮ್ಯುಯೆಲ್ ಜಾನ್‌ಸನ್ 1755ರ ನಿಘಂಟಿನಲ್ಲಿ ‘ನೆಟ್‌ವರ್ಕ್’ ಎಂಬ ಬಡಪಾಯಿ ಪದಕ್ಕೆ ‘ರೆಟಿಕ್ಯುಲೇಟೆಡ್’, ‘ಡೆಕಸೇಟೆಡ್’, ‘ಇಂಟರ್‌ಸ್ಟಿಸಸ್’ ಎಂಬ ಮೂರು ಬೆಟ್ಟಗಳನ್ನು ಪೇರಿಸಿಟ್ಟ. ಬಲೆ ಗೊತ್ತಿದ್ದವನಿಗೂ ಅದನ್ನು ಓದಿದ ಮೇಲೆ ಬಲೆ ಗೊತ್ತಾಗುವುದಿಲ್ಲ. 1978ರಲ್ಲಿ ಲಾಂಗ್‌ಮನ್ ಪ್ರಕಾಶಕರು ತಮ್ಮ ನಿಘಂಟಿಗೆ ಸುಮಾರು 2000 ಸರಳ ಪದಗಳನ್ನು ಆರಿಸಿಕೊಂಡು, ಅರ್ಥ ಹೇಳುವುದಕ್ಕೆ ಆದಷ್ಟೂ ಅಷ್ಟನ್ನೇ ಬಳಸುವ ನಿಯಮ ಹಾಕಿಕೊಂಡರು. ಅಲ್ಲಿಂದ ಎಷ್ಟೋ ಸಲೀಸಾಯಿತು. ಆದರೂ ‘ರಿಲಕ್ಟಂಟ್ ಎಂದರೆ ಅನ್‌ವಿಲಿಂಗ್, ಅನ್‌ವಿಲಿಂಗ್ ಎಂದರೆ ರಿಲಕ್ಟಂಟ್’ ಎಂದು ಗಾಣದೆತ್ತಿನ ಹಾಗೆ ಸುತ್ತಿಸುವ ಪಟ್ಟಿಗಳು ಈಗಲೂ ದಂಡಿಯಾಗಿವೆ.

ಅರ್ಥವೊಂದನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞರಾದ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಶಿಯಾ ಗಿಲ್ಡಿಯಾ 1987ರಲ್ಲಿ ಬರೆದ ಲೇಖನವೊಂದರಲ್ಲಿ ಸೊಗಸಾದ ಸಾಕ್ಷಿಗಳಿವೆ. ಅಮೆರಿಕದ ಮಕ್ಕಳಿಗೆ ನಿಘಂಟು ನೋಡಿ ವಾಕ್ಯ ರಚಿಸಲು ಹೇಳಿದಾಗ ಬಂದವು ಅವು. ‘ಇರೋಡ್’ ಎಂದರೆ ಸವೆಯುವುದು, ಕೊರೆದುಹೋಗುವುದು. ನಿಘಂಟು ಅದಕ್ಕೆ ‘ಈಟ್ ಔಟ್’ ಎಂದು ಅರ್ಥ ಕೊಟ್ಟಿತ್ತು. ಮಗು ಬರೆಯಿತು: ನಮ್ಮ ಮನೆಯವರು ತುಂಬಾ ಇರೋಡ್ ಆಗುತ್ತಾರೆ. ಪಾಪ, ಹೋಟೆಲಿಗೆ ಹೋಗುವ ಸಂಸಾರ! ‘ಮೆಟಿಕ್ಯುಲಸ್’ಗೆ ‘ಬಹಳ ಎಚ್ಚರಿಕೆಯ’ ಎಂದಿತ್ತು; ಇನ್ನೊಂದು ಮಗು ತಾನು ಬಂಡೆಯಿಂದ ಬೀಳುವ ವಿಷಯದಲ್ಲಿ ಮೆಟಿಕ್ಯುಲಸ್ ಎಂದು ಬರೆಯಿತು. ಅಚ್ಚುಕಟ್ಟಾಗಿ, ಒಂದೊಂದೇ ಅಂಗುಲ ಬೀಳುವವನ ಚಿತ್ರ ಕಣ್ಣ ಮುಂದೆ ಬರುತ್ತದೆ. ನಗುವುದು ಸುಲಭ, ಆದರೆ ಮಕ್ಕಳ ತಪ್ಪು ಇದರಲ್ಲಿ ಏನೂ ಇಲ್ಲ. ನಿಘಂಟು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಾರೆ.

ದೊಡ್ಡವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ‘ಕಾಸ್’ ಎಂದರೆ ಕಾರಣವಾಗು. ಸರಿ, ಹಾಗಾದರೆ ‘ಮೈ ಟೀಚರ್ ಕಾಸ್ಡ್ ಮೈ ಸಕ್ಸೆಸ್’ ಎನ್ನಬಹುದಲ್ಲ? ವ್ಯಾಕರಣ ತಡೆಯುವುದಿಲ್ಲ, ಕಿವಿ ತಡೆಯುತ್ತದೆ. ಆ ಪದ ಓಡಾಡುವುದು ಅಪಘಾತ, ನಷ್ಟ, ತೊಂದರೆ, ಸಾವು, ಇವುಗಳ ಸಹವಾಸದಲ್ಲಿ. ‘ಸೆಟ್ ಇನ್’ ಕೂಡ ಹೀಗೇ ಎಂದು ಸಿಂಕ್ಲೇರ್ ತೋರಿಸಿದ್ದಾರೆ. ಕೊಳೆತ, ನಿರಾಶೆ, ಸೋಂಕು ಸೆಟ್ ಇನ್ ಆಗುತ್ತವೆ; ಸಂತೋಷ ಆಗುವುದು ಅಪರೂಪ. ಕನ್ನಡದವರಿಗೆ ಇದು ಅರ್ಥವಾಗಲು ಒಂದೇ ಪದ ಸಾಕು: ಕುಮ್ಮಕ್ಕು. ಮೂಲದಲ್ಲಿ ಅದರ ಅರ್ಥ ಸಹಾಯ, ಬೆಂಬಲ, ಅಷ್ಟೇ. ಆದರೆ ‘ಮೇಷ್ಟ್ರ ಕುಮ್ಮಕ್ಕಿನಿಂದ ಪರೀಕ್ಷೆ ಪಾಸಾದೆ’ ಎಂದು ಯಾರಾದರೂ ಹೇಳಿದರೆ ಮೇಷ್ಟ್ರ ಕೆಲಸಕ್ಕೇ ಸಂಚಕಾರ ಬಂದೀತು. ಇಂಗ್ಲಿಷ್ ಪದಗಳಿಗೂ ಇಂಥ ಮರ್ಯಾದೆ, ಮೈಲಿಗೆ ಎಲ್ಲ ಇದೆ. ಅರ್ಥದ ಕಾಲಂನಲ್ಲಿ ಅದು ಕಾಣುವುದಿಲ್ಲ, ವಾಕ್ಯದಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ಜೊಳ್ಳು ವಾಕ್ಯ ಕಂಡರೆ ಸಿಟ್ಟು ಬರುವುದು.

‘ಅಟ್ ಲಾಸ್ಟ್’, ‘ಫೈನಲಿ’, ‘ಈವೆಂಚುಯಲಿ’ ಮೂರಕ್ಕೂ ‘ಕೊನೆಗೆ’ ಎಂದು ಬರೆದು ಕೈತೊಳೆದುಕೊಳ್ಳುವ ಪಟ್ಟಿಗಳ ಬಗ್ಗೆಯೂ ಇದೇ ಸಿಟ್ಟು. ಕನ್ನಡ ಅಷ್ಟು ಬಡ ಭಾಷೆಯೇ? ಅಟ್ ಲಾಸ್ಟ್ ಎಂದರೆ ‘ಕೊನೆಗೂ’. ಕಾದು ಕಾದು ಸಾಕಾದವರ ನಿಟ್ಟುಸಿರು ಆ ‘ಗೂ’ನಲ್ಲಿದೆ. ಈವೆಂಚುಯಲಿಗೆ ‘ಅಂತೂ ಇಂತೂ’ ಎಷ್ಟೋ ಕಡೆ ಚೆನ್ನಾಗಿ ಕೂರುತ್ತದೆ. ಫೈನಲಿ, ಸಾಲುಸಾಲಾಗಿ ಹೇಳುವಾಗ, ‘ಕೊನೆಯದಾಗಿ’. ವ್ಯತ್ಯಾಸ ಗೊತ್ತಿಲ್ಲದೆ ಸಂತಾಪ ಪತ್ರದಲ್ಲಿ ‘ಅಟ್ ಲಾಸ್ಟ್ ಹೀ ಡೈಡ್’ ಎಂದು ಬರೆದರೆ, ‘ಸದ್ಯ, ಕೊನೆಗೂ ಹೋದ’ ಎಂದು ಬರೆದಂತಾಯಿತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಯಬೇಕು, ಕನ್ನಡ ಹತ್ತಿರ ಸುಳಿಯಬಾರದು ಎನ್ನುವ ಮಡಿವಂತರ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಬೇಕಿಲ್ಲ. ಕನ್ನಡದ ಪದ ಕೈಕೊಟ್ಟ ಕಡೆ ಕನ್ನಡದ ನುಡಿಗಟ್ಟು ಕೈಹಿಡಿಯುತ್ತದೆ.

ಕನ್ನಡ ಕೆಡಿಸುವುದು ಬೇರೆ ಕಡೆ, ವಾಕ್ಯದ ಕಟ್ಟಿನಲ್ಲಿ. ‘ಬಗ್ಗೆ ಚರ್ಚಿಸಿದೆವು’ ಎಂಬ ಅಭ್ಯಾಸ ‘ಡಿಸ್ಕಸ್ಡ್ ಅಬೌಟ್’ ಆಗುತ್ತದೆ. ಅಲ್ಲಿ ಅಬೌಟ್ ಬೇಡ. ‘ನನಗೆ ಹೋಗಲು ಸೂಚಿಸಿದರು’ ಎಂಬುದು ‘ಸಜೆಸ್ಟೆಡ್ ಮೀ ಟು ಗೋ’ ಆಗುತ್ತದೆ. ಅಲ್ಲಿ ‘ಸಜೆಸ್ಟೆಡ್ ದ್ಯಾಟ್ ಐ ಗೋ’ ಬೇಕು. ‘ಅಫೋರ್ಡ್’ ಇನ್ನೊಂದು ಹಟಮಾರಿ. ಕೊಳ್ಳುವ ಶಕ್ತಿ ಇರು ಎಂದು ಅರ್ಥ ಓದಿ ‘ಐ ಅಫೋರ್ಡ್ ಎ ಕಾರ್’ ಎನ್ನುವಂತಿಲ್ಲ. ಅದಕ್ಕೆ ಮೊದಲು ಕ್ಯಾನ್, ಕುಡ್, ಏಬಲ್ ಟು, ಯಾವುದಾದರೊಂದು ಕೈಹಿಡಿದು ಕರೆತರಬೇಕು. ಯಾವ ಕ್ರಿಯಾಪದ ಆದ ಮೇಲೆ ಏನು ಬರುತ್ತದೆ ಎಂಬುದನ್ನು ಎ. ಎಸ್. ಹಾರ್ನ್‌ಬಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲೇ ವರ್ಗ ಮಾಡಿ ಕೊಟ್ಟಿದ್ದರು. ಇಷ್ಟು ವರ್ಷವಾದರೂ ಪಟ್ಟಿಗಳಿಗೆ ಅದು ಮುಟ್ಟಿಲ್ಲ.

ಹಾಗಾದರೆ ಏನು ಮಾಡಬೇಕು? ಅಂಗೈಯಷ್ಟು ರಟ್ಟಿನ ಚೀಟಿ, ಒಂದಕ್ಕೆ ಒಂದೇ ಪದ. ಮುಂಭಾಗದಲ್ಲಿ ವಾಕ್ಯ, ಪದದ ಜಾಗ ಖಾಲಿ, ಮೊದಲ ಅಕ್ಷರ ಮಾತ್ರ. ಹಿಂಭಾಗದಲ್ಲಿ ಪದ, ಒತ್ತಿ ಹೇಳಬೇಕಾದ ಕಡೆ ಒಂದು ಗೆರೆ, ಪದ ಆದ ಮೇಲೆ ‘ಟು’ವೋ ‘ಇಂಗ್’ಓ ಎಂಬ ಟಿಪ್ಪಣಿ, ಒಂದು ಕನ್ನಡ ನುಡಿಗಟ್ಟು. ಪದ ಮುಂದೆ, ಅರ್ಥ ಹಿಂದೆ ಬರೆದರೆ ಓದಿದಾಗ ಗುರುತು ಸಿಗುತ್ತದೆ, ಮಾತಾಡುವಾಗ ನಾಲಗೆಗೆ ಬರುವುದಿಲ್ಲ. ಹುಡುಕಿ ತೆಗೆಯುವ ಕಸರತ್ತೇ ಆಗಿರುವುದಿಲ್ಲವಲ್ಲ. ದಿನಕ್ಕೆ ಎಂಟು ಹತ್ತು ಸಾಕು. ಮರುದಿನ ಒಮ್ಮೆ, ಮೂರನೆಯ ದಿನ, ವಾರಕ್ಕೆ, ಮೂರು ವಾರಕ್ಕೆ ಮತ್ತೆ. ಮರೆವು ಮೊದಲ ಗಂಟೆಗಳಲ್ಲೇ ಹೆಚ್ಚು ಕಬಳಿಸುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದ, ಅದಕ್ಕೇ ಮೊದಲ ಮರು ಓದು ತಡವಾಗಬಾರದು. ತಪ್ಪಿದ ಚೀಟಿಗೆ ಮತ್ತೆ ಮೊದಲಿನಿಂದ ಇದೇ ಸರದಿ.

ಒಂದು ಎಚ್ಚರಿಕೆ. ರಿಲಕ್ಟಂಟ್, ಹೆಸಿಟಂಟ್, ಅನ್‌ವಿಲಿಂಗ್ ಮೂರನ್ನೂ ಒಂದೇ ದಿನ ಕಲಿಯಬೇಡಿ. ಒಂದೇ ಅರ್ಥದ ನೆಂಟರನ್ನು ಒಟ್ಟಿಗೆ ಕೂರಿಸಿದರೆ ಜಗಳ ಖಚಿತ, ಯಾವುದು ಯಾವುದೆಂದು ಆಮೇಲೆ ಬಿಡಿಸಲಾಗುವುದಿಲ್ಲ. ಅಡಾಪ್ಟ್, ಅಡಾಪ್ಟ್ ಎಂದು ಕನ್ನಡದಲ್ಲಿ ಒಂದೇ ಥರ ಬರೆಸಿಕೊಳ್ಳುವ ಆ ಎರಡು ಪದಗಳಿವೆಯಲ್ಲ, ಹೊಂದಿಕೊಳ್ಳುವುದು ಒಂದು, ದತ್ತು ತೆಗೆದುಕೊಳ್ಳುವುದು ಇನ್ನೊಂದು, ಅವಕ್ಕೂ ಒಂದು ವಾರದ ಅಂತರವಿರಲಿ. ಅಕಾರಾದಿ ಪಟ್ಟಿ ಮಾಡುವುದು ನಿಖರವಾಗಿ ಇದರ ಉಲ್ಟಾ.

ಇನ್ನು ಎಷ್ಟು ಪದ ಸಾಕು ಎಂಬ ಲೆಕ್ಕ. ಮೈಕೇಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಮೂಲಭೂತ ಪಟ್ಟಿಯಲ್ಲಿ ಸುಮಾರು 2000 ಇವೆ. ಅದರ ಮೇಲೆ ಏವ್ರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಉನ್ನತ ಶಿಕ್ಷಣದ ಓದಿಗೆಂದು 570 ಪದಕುಟುಂಬಗಳನ್ನು, ಅಂದರೆ ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪುಗಳನ್ನು, ಸೇರಿಸಿದರು. ಯಾರ ನೆರವೂ ಇಲ್ಲದೆ ಕಾದಂಬರಿ ಓದಲು ನೂರಕ್ಕೆ 98 ಪದ ಗೊತ್ತಿರಬೇಕು, ಅದಕ್ಕೆ 8000ದಿಂದ 9000 ಕುಟುಂಬ ಬೇಕು ಎಂದು ಪದಕಲಿಕೆಯ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಕೊಟ್ಟರು. 300 ಪದಗಳ ಪುಟದಲ್ಲಿ ಆರು ಗೊತ್ತಿಲ್ಲದಿದ್ದರೆ ನಡೆಯುತ್ತದೆ, ಹದಿನೈದಾದರೆ ಕಥೆಯ ಎಳೆ ತಪ್ಪುತ್ತದೆ. ಆದರೆ ಒಂದು ಕುಟುಂಬ ಎಂದರೆ ಎಷ್ಟು ಜನ? ‘ಅಡ್ರೆಸ್’ ಎಂದರೆ ವಿಳಾಸ ಎಂದು ಚಿಕ್ಕಂದಿನಿಂದ ಗೊತ್ತು. ಮಧ್ಯಮ ಹಂತದಲ್ಲಿ ಅದೇ ಪದ ವೇಷ ಬದಲಿಸಿಕೊಂಡು ‘ಅಡ್ರೆಸ್ ದ ಪ್ರಾಬ್ಲಮ್’ ಎಂದು ಬರುತ್ತದೆ. ಸಮಸ್ಯೆಗೆ ವಿಳಾಸ ಬರೆದು ಅಂಚೆಗೆ ಹಾಕುವುದೇ ಎಂದು ತಲೆ ಕೆರೆದುಕೊಳ್ಳಬೇಕು; ಅರ್ಥ ಮಾತ್ರ ಸಮಸ್ಯೆಯನ್ನು ಕೈಗೆತ್ತಿಕೊಳ್ಳುವುದು. ಗೊತ್ತಿದ್ದ ಪದ ಎಂದು ಲೆಕ್ಕಕ್ಕೆ ಸೇರಿಸಿದ್ದು ಗೊತ್ತಿತ್ತೋ ಇಲ್ಲವೋ? ‘ಫೈನ್’ ದಂಡವೂ ಹೌದು, ಚೆನ್ನಾಗಿದೆ ಎಂಬುದೂ ಹೌದು. ‘ಬೇರ್’ ಕರಡಿಯೂ ಹೌದು, ಸಹಿಸಿಕೊಳ್ಳುವುದೂ ಹೌದು. ಈ ಎಣಿಕೆ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲಬೇಕು ಎಂದು ಯೋಚಿಸುತ್ತ ಪಟ್ಟಿಯನ್ನು ಹಿಂದಕ್ಕೆ ತಿರುವಿದರೆ ‘ಎಚ್’ನಲ್ಲಿ ‘ಹೆಸಿಟೇಟ್’. ಅರ್ಥ: ಹಿಂಜರಿ. ಕೆಳಗೆ, ಓರೆ ಅಕ್ಷರದಲ್ಲಿ: ‘ಜಾನ್ ಹೆಸಿಟೇಟೆಡ್.’