ಬ್ಯಾಟರಿ ವೈರ್ ಬಿಚ್ಚಿದರೆ ದೋಷ ಹೋಗುವುದಿಲ್ಲ

ಹುಬ್ಬಳ್ಳಿ-ಧಾರವಾಡದಲ್ಲಿ ಚಳಿ ಬಿದ್ದಾಗ ಒಂದು ಮೆಸೇಜ್ ಮತ್ತೆ ಓಡಾಡುತ್ತದೆ: ಮುಂಜಾನೆ ಕಾರು ಸ್ಟಾರ್ಟ್ ಆಗಲು ಸತಾಯಿಸಿ ಚೆಕ್ ಎಂಜಿನ್ ಲೈಟ್ ಹೊತ್ತಿದರೆ ಬ್ಯಾಟರಿ ವೈರ್ ಬಿಚ್ಚಿ ಹಾಕಿ, ಸಾಕು. ಎಷ್ಟೋ ಕಾರುಗಳಲ್ಲಿ ಲೈಟ್ ಆರುವುದು ನಿಜ, ಅದಕ್ಕೇ ಜನ ನಂಬುತ್ತಾರೆ. ಆದರೆ ಅಳಿಯುವುದು ಕೋಡ್, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಗುರುತು, ಮಾತ್ರ. ದೋಷ ಅಲ್ಲೇ ಇರುತ್ತದೆ, ಮೆಕ್ಯಾನಿಕ್‌ಗೆ ಬೇಕಿದ್ದ ಸುಳಿವು ಹೋಗುತ್ತದೆ.

ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಹೆಚ್ಚು ಬೇಕು. ಎಷ್ಟೆಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮುಖ್ಯವಾಗಿ ಕೂಲಂಟ್ ಸೆನ್ಸರ್, ಅಂದರೆ ಎಂಜಿನ್ ತಂಪಾಗಿಸುವ ದ್ರವದ ಉಷ್ಣತೆ ಅಳೆಯುವ ಸೆನ್ಸರ್, ನೋಡಿ ನಿರ್ಧರಿಸುತ್ತದೆ. ಸೆನ್ಸರ್ ತಪ್ಪಾಗಿ ‘ಬಿಸಿ’ ಎಂದರೆ ಪೆಟ್ರೋಲ್ ಸಾಲದೆ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಇದನ್ನು ನೀವೇ ನೋಡಬಹುದು. ರಾತ್ರಿಯಿಡೀ ನಿಂತ ಕಾರಿಗೆ, ಸ್ಟಾರ್ಟ್ ಮಾಡುವ ಮೊದಲು, ಒಬಿಡಿ ಸ್ಕ್ಯಾನರ್ (ಕಾರಿನ ಕೋಡ್ ಮತ್ತು ಸೆನ್ಸರ್ ಅಂಕಿ ಓದುವ ಸಾಧನ) ಹಚ್ಚಿ. ಕೂಲಂಟ್ ಮತ್ತು ಒಳಬರುವ ಗಾಳಿಯ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿ 15 ಡಿಗ್ರಿ, ಕೂಲಂಟ್ 60 ಎಂದು ಬಂದರೆ ಸೆನ್ಸರ್ ಇಲ್ಲವೇ ಅದರ ವೈರಿಂಗ್ ಮೇಲೆ ಅನುಮಾನಪಡಿ. ಪಿ0115ರಿಂದ ಪಿ0118ರವರೆಗಿನ ಕೋಡ್‌ಗಳು ಇದಕ್ಕೇ ಸಂಬಂಧಿಸಿದವು, ಬರೆದಿಟ್ಟುಕೊಳ್ಳದೆ ಅಳಿಸಬೇಡಿ. ಸ್ಟಾರ್ಟರೇ ನಿಧಾನ ತಿರುಗುತ್ತಿದ್ದರೆ ಮೊದಲು ಬ್ಯಾಟರಿ ಚೆಕ್ ಮಾಡಿಸಿ.